ಪುಟ್ಟತಾಯಮ್ಮ ವಾಪಸು ಕೊಟ್ಟ ಕಿವಿಯಂತ್ರ

2022ರಲ್ಲಿ, ಜನರ ಮುಖದ ಮಾಸ್ಕುಗಳು ಒಂದೊಂದಾಗಿ ಕಳಚುತ್ತಿದ್ದ ಕಾಲದಲ್ಲಿ, ನಾನು ಮೈಸೂರಿನ ಒಂದು ಟ್ರಸ್ಟಿನಲ್ಲಿ ಹಿರಿಯ ಆಡಿಯಾಲಜಿಸ್ಟ್ ಆಗಿದ್ದೆ. ಆಡಿಯಾಲಜಿಸ್ಟ್ ಎಂದರೆ ಯಾರಿಗೆ ಎಷ್ಟು ಕೇಳಿಸುತ್ತದೆ ಎಂದು ಅಳೆದು, ಬೇಕಾದವರಿಗೆ ಕಿವಿಯಂತ್ರ ಹೊಂದಿಸಿ ಕೊಡುವವರು. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ನಮ್ಮ ಟ್ರಸ್ಟ್ ಶಿಬಿರ ನಡೆಸಿ ಯಂತ್ರಗಳನ್ನು ಕೊಟ್ಟಿತ್ತು. ತೆಗೆದುಕೊಂಡವರು ಅದನ್ನು ಹಾಕಿಕೊಳ್ಳುತ್ತಿದ್ದಾರೋ ಇಲ್ಲವೋ ಎಂದು ಮನೆಮನೆಗೆ ಹೋಗಿ ನೋಡಬೇಕು. ನಮ್ಮ ಭಾಷೆಯಲ್ಲಿ ಇದು ಫಾಲೋ-ಅಪ್. ನನ್ನ ಜೊತೆ ಬರಬೇಕಿದ್ದ ಸಹೋದ್ಯೋಗಿ ಕೆಲಸ ಬಿಟ್ಟರು, ಬದಲಿಗೆ ಯಾರನ್ನೂ ನೇಮಿಸಲಿಲ್ಲ. ಮೂರು ತಾಲ್ಲೂಕುಗಳನ್ನು ನಾನೊಬ್ಬಳೇ ಸುತ್ತುವುದೆಂದಾಯಿತು.

ಸೋಮವಾರ ಬೆಳಿಗ್ಗೆ ಕೊಳ್ಳೇಗಾಲದ ಲಾಡ್ಜಿಗೆ ಬಂದು ಬ್ಯಾಗು ಇಟ್ಟರೆ ಶುಕ್ರವಾರ ಸಂಜೆಯವರೆಗೆ ಅದೇ ಮನೆ. ನಾನು ಮದುವೆಯಾಗಲಿಲ್ಲ. ಮೈಸೂರಿನಲ್ಲಿ ಅಕ್ಕನ ಮನೆಯಲ್ಲಿದ್ದೆ. ಎಲ್ಲರೂ ಒಟ್ಟಿಗೆ ಮಾತಾಡಿ ಯಾರೂ ಯಾರ ಮಾತನ್ನೂ ಕೇಳಿಸಿಕೊಳ್ಳದ ಮನೆ ಅದು. ಅಲ್ಲಿ ಇದ್ದಾಗ ತಲೆಚಿಟ್ಟು ಹಿಡಿಯುತ್ತಿತ್ತು. ಇಲ್ಲಿಗೆ ಬಂದ ಮೇಲೆ ಅದೇ ಗದ್ದಲ ಬೇಕೆನಿಸತೊಡಗಿತು. ದಿನವಿಡೀ ಗಟ್ಟಿಯಾಗಿ ಮಾತಾಡುವುದೇ ನನ್ನ ಕೆಲಸ, ಆದರೆ ಅದರಲ್ಲಿ ಯಾವ ಮಾತೂ ನನ್ನದಲ್ಲ. “ಕೇಳ್ತಿದೆಯಾ? ಈಗ? ಈ ಕಿವಿಗೆ?” ಅಷ್ಟೇ. ಸಂಜೆ ಲಾಡ್ಜಿನ ಮ್ಯಾನೇಜರು ಬೀಗದ ಕೈ ಕೊಡುತ್ತ “ಒಬ್ರೇನಾ ಮೇಡಂ?” ಎಂದು ಪ್ರತಿ ಸಲವೂ ಕೇಳುತ್ತಿದ್ದರು, ಎರಡನೆಯವರನ್ನು ನಾನು ಎಲ್ಲೋ ಬಚ್ಚಿಟ್ಟಿರುವಂತೆ. ಎದುರಿನ ಹೋಟೆಲಿಗೆ ಹೋದರೆ ಮಾಲೀಕರು ಹಿಂದಿನ ಪರದೆ ಕಟ್ಟಿದ ಫ್ಯಾಮಿಲಿ ರೂಮಿನ ಕಡೆಗೆ ಕೈ ತೋರಿಸುತ್ತಿದ್ದರು. ಆ ಪರದೆಯ ಹಿಂದೆ ಗೋಡೆ ನೋಡುತ್ತ ಇಡ್ಲಿ ತಿನ್ನುವ ಬದಲು ಪಾರ್ಸೆಲ್ ತಂದು ರೂಮಿನಲ್ಲೇ ತಿನ್ನುತ್ತಿದ್ದೆ. ನನಗೆ ಬಾರದ ಭಾಷೆಯ ಚಾನೆಲ್ ಹಾಕಿಕೊಳ್ಳುತ್ತಿದ್ದೆ; ಮನುಷ್ಯರ ದನಿ ಇದ್ದರೆ ಸಾಕಾಗಿತ್ತು. ಒಂದು ಸಂಜೆ ಅಕ್ಕ ಫೋನಿನಲ್ಲಿ “ಊಟ ಆಯ್ತಾ?” ಎಂದಾಗ ಅವಳು ಫೋನ್ ಇಡದಿರಲಿ ಎಂದು ಅಲ್ಲಿ ಏನು ಸಾರು, ಏನು ಪಲ್ಯ ಎಂದೆಲ್ಲ ಕೇಳುತ್ತ ಹೋದೆ.

ಅದೇ ವಾರ ನಮ್ಮ ನಿರ್ದೇಶಕರು ಕರೆ ಮಾಡಿದರು. “ನೀವೊಬ್ಬರೇ ಯಾಕೆ ಅಲ್ಲೆಲ್ಲ ಅಲೀತೀರಿ? ಫಾಲೋ-ಅಪ್ ಫೋನಲ್ಲೇ ಮುಗಿಸಿ.”

“ಸರ್, ಕಿವಿ ಕೇಳದವರಿಗೆ ಫೋನ್ ಮಾಡೋದಾ?”

“ಮನೆಯವರು ಎತ್ತುತ್ತಾರಲ್ಲ, ಅವರನ್ನೇ ಕೇಳಿದರಾಯಿತು.”

ಯೋಚಿಸಿ ಹೇಳುತ್ತೇನೆ ಎಂದೆ. ಸಿಟ್ಟು ಬಂದಿತ್ತು, ಆದರೂ ಆ ಸಲಹೆ ನನ್ನನ್ನು ಸೆಳೆಯದೆ ಇರಲಿಲ್ಲ. ಮೈಸೂರಿನ ಕುರ್ಚಿ, ಫ್ಯಾನು, ಮಧ್ಯಾಹ್ನ ಹಂಚಿಕೊಂಡು ತಿನ್ನಲು ನಾಲ್ಕು ಜನ. ಹೂಂ ಎಂದುಬಿಡೋಣವೇ ಎಂದುಕೊಂಡೇ ಮರುದಿನ ಹನೂರಿನ ಮೇಲೆ ಹಾದು ಕೌದಳ್ಳಿಗೆ ಹೋದೆ. ಅಲ್ಲಿಂದ ಒಳಗೆ ಒಂದು ಸಣ್ಣ ಊರಿನಲ್ಲಿ ಪುಟ್ಟತಾಯಮ್ಮ ಎಂಬವರನ್ನು ನೋಡಬೇಕಿತ್ತು.

ಪುಟ್ಟತಾಯಮ್ಮನಿಗೆ ಐವತ್ತರ ಆಸುಪಾಸು. ಗಂಡ ತೀರಿಕೊಂಡ ಮೇಲೆ ತಮ್ಮ ಮಾದೇಶನ ಮನೆಗೆ ಬಂದು ಬ್ಲೌಸು ಹೊಲಿಯುತ್ತಿದ್ದರು. ಹಲವು ವರ್ಷಗಳಿಂದ ಎರಡೂ ಕಿವಿ ನಿಧಾನವಾಗಿ ಮಂದವಾಗಿದ್ದವು. ಎದುರು ಕೂತು ಆಡುವ ಸಾಮಾನ್ಯ ಮಾತು ಸುಮಾರು ಅರವತ್ತು ಡೆಸಿಬೆಲ್ ಇರುತ್ತದೆ. ಡೆಸಿಬೆಲ್ ಎಂದರೆ ಶಬ್ದದ ಬಲದ ಅಳತೆ. ಅವರ ಕಿವಿಗೆ ಎಪ್ಪತ್ತು ದಾಟದ ಹೊರತು ಏನೂ ಮುಟ್ಟುತ್ತಿರಲಿಲ್ಲ. ಅಷ್ಟು ದಿನ ತುಟಿಯ ಚಲನೆ ನೋಡಿ ಹೇಗೋ ತೂಗಿಸಿದ್ದರು. ಕೊರೋನಾ ಬಂದು ಊರಿನ ಬಾಯಿಗಳೆಲ್ಲ ಬಟ್ಟೆಯ ಹಿಂದೆ ಹೋದಾಗ ಅದೂ ತಪ್ಪಿಹೋಯಿತು. ತೋಳು ಗಿಡ್ಡ ಮಾಡಿ ಎಂದರೆ ಉದ್ದ ಮಾಡಿದರು, ಕೊರಳು ಇಳಿಸಿ ಎಂದರೆ ಏರಿಸಿದರು. ಬಟ್ಟೆ ಕೊಡುವವರು ಬರುವುದು ನಿಂತಿತು.

ನಾನು ಹೋದಾಗ ಮಾದೇಶ ಬಾಗಿಲಲ್ಲೇ ನಿಂತು, “ಚೆಂದಾಗಿ ಕೇಳ್ತದೆ ಮೇಡಂ, ಏನೂ ತೊಂದ್ರೆ ಇಲ್ಲ” ಎಂದ. ಫೋನ್ ಮಾಡಿದ್ದರೂ ಇದೇ ಉತ್ತರ ಬರುತ್ತಿತ್ತು, ‘ತೃಪ್ತಿಕರ’ ಎಂದು ಬರೆದು ಮುಗಿಸುತ್ತಿದ್ದೆ. ಅವರನ್ನೇ ನೋಡಬೇಕು ಎಂದೆ. ಒಳಗಿನ ಕೋಣೆಯಿಂದ ಪುಟ್ಟತಾಯಮ್ಮ ಬಂದರು. ಕಿವಿಯಲ್ಲಿ ಯಂತ್ರ ಇರಲಿಲ್ಲ. ಒಂದು ಬಟ್ಟೆಯ ಚೂರಿನಲ್ಲಿ ಸುತ್ತಿಟ್ಟದ್ದನ್ನು ತಂದು ನನ್ನ ಅಂಗೈಗೆ ಹಾಕಿ, “ತಕಂಡೋಗಿ ಮೇಡಮ್ಮ, ಇನ್ಯಾರಿಗಾದ್ರೂ ಕೊಡಿ” ಎಂದರು.

ಹೀಗೆ ವಾಪಸು ಕೊಡುವವರು ಬಹಳ ಜನ. ಕಿವಿ ನೋಯುತ್ತದೆ, ಸಿಳ್ಳೆ ಹೊಡೆಯುತ್ತದೆ, ಬ್ಯಾಟರಿ ಸಿಗುವುದಿಲ್ಲ, ಹೀಗೆ ಕಾರಣ ಯಾವುದಾದರೂ ಒಂದಿರುತ್ತದೆ. ನಾನು ಯಂತ್ರ ತೆಗೆದು ಪರೀಕ್ಷಿಸಿದೆ. ಸರಿಯಾಗಿತ್ತು. ಅವರ ಕಿವಿಗೆ ಹಾಕಿ, ತುಟಿ ಕಾಣದಂತೆ ಬೆನ್ನ ಹಿಂದೆ ನಿಂತು ಮೆಲುದನಿಯಲ್ಲಿ ಒಂದೊಂದೇ ಪದ ಹೇಳಿದೆ. ಒಂದನ್ನೂ ತಪ್ಪದೆ ತಿರುಗಿ ಹೇಳಿದರು. ಅಷ್ಟು ಚೆನ್ನಾಗಿ ಹೊಂದಿಕೊಂಡ ಯಂತ್ರವನ್ನು ನಾನು ಅಪರೂಪಕ್ಕೆ ನೋಡಿದ್ದೆ.

“ಇಷ್ಟು ಚೆನ್ನಾಗಿ ಕೇಳ್ತಿದೆ! ಯಾಕೆ ಬೇಡ?”

ಅವರು ಒಳಗೊಮ್ಮೆ ನೋಡಿದರು. ಮಾದೇಶ ಹಿತ್ತಲಿಗೆ ಹೋಗಿದ್ದ.

“ಕೇಳ್ತದೆ ಕಣವ್ವ. ಮಿಕ್ಸಿ ಕೇಳ್ತದೆ, ನಾಯಿ ಕೇಳ್ತದೆ, ಇವ್ರಿವ್ರೇ ಮಾತಾಡ್ಕಳದೂ ಕೇಳ್ತದೆ. ನನ್ ಕೂಟೆ ಮಾತಾಡೋರು ಯಾರವ್ರೆ? ಮದ್ಲೇ ವಾಸಿ ಇತ್ತು. ಎಲ್ರೂ ಮಾತಾಡುಸ್ತಾವ್ರೆ, ನಂಗೇ ಕೇಳ್ತಿಲ್ಲ ಅಂದ್ಕಂಡಿದ್ದೆ. ಇದ್ನ ಹಾಕ್ಕಂಡ್ಮೇಲೆ ಗೊತ್ತಾಯ್ತು, ಯಾರೂ ಮಾತಾಡುಸ್ತಾನೇ ಇರ್ನಿಲ್ಲ ಅಂತ.”

ಕಿವಿಯೊಳಗೆ ಕೂರುವ ಮೌಲ್ಡ್ ಬದಲಿಸಬಹುದು, ಶಬ್ದ ಏರಿಸಿ ಇಳಿಸಬಹುದು. ಮಾತೇ ಇಲ್ಲದ ಮನೆಗೆ ಯಾವ ಸ್ಕ್ರೂ ತಿರುಗಿಸುವುದು? ಯಂತ್ರ ನಿಮ್ಮ ಹತ್ತಿರವೇ ಇರಲಿ, ಮತ್ತೆ ಬರುತ್ತೇನೆ ಎಂದು ಹೇಳಿ ಎದ್ದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಬಸ್ಸಿನಲ್ಲಿ ಕೂತಾಗ ಮೊದಲು ದುಃಖ ಬಂತು. ಅಜ್ಜೀಪುರ ದಾಟುವ ಹೊತ್ತಿಗೆ ಅದು ಕೋಪವಾಗಿತ್ತು. ಮಾದೇಶನ ಮೇಲೆ, ನಿರ್ದೇಶಕರ ಮೇಲೆ, ಕೊನೆಗೆ ನನ್ನ ಮೇಲೂ. ಆ ಹೆಂಗಸನ್ನು ಒಳಕೋಣೆಗೆ ತಳ್ಳಿದ್ದರು. ನನ್ನನ್ನು ಯಾರೂ ತಳ್ಳಿರಲಿಲ್ಲ, ಪಾರ್ಸೆಲ್ ಹಿಡಿದು ನಾನೇ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಕೊಳ್ಳೇಗಾಲದಲ್ಲಿ ಇಳಿದವಳು ನೇರವಾಗಿ ಹೋಟೆಲಿಗೆ ಹೋಗಿ ಬಾಗಿಲಿಗೆ ಎದುರಾಗಿದ್ದ ದೊಡ್ಡ ಮೇಜಿಗೆ ಕೂತೆ. ಸುತ್ತ ಬರೀ ಗಂಡಸರು.

“ಮೇಡಂ, ಫ್ಯಾಮಿಲಿ ರೂಮ್ ಆ ಕಡೆ,” ಮಾಲೀಕರು ಹೇಳಿದರು.

“ನಾನು ಫ್ಯಾಮಿಲಿ ಅಲ್ಲ. ನಾನೊಬ್ಬಳೇ. ಇಲ್ಲೇ ಕೂರ್ತೀನಿ.”

ಪಕ್ಕದಲ್ಲಿದ್ದವರು ಯಳಂದೂರು ಕಡೆಯ ಬೆಲ್ಲದ ವ್ಯಾಪಾರಿ. ಅವರು ಚಟ್ನಿಯ ಬಟ್ಟಲನ್ನು ನನ್ನ ಕಡೆಗೆ ಸರಿಸಿದರು. ನಾನೇ ಮೊದಲು ಮಾತು ತೆಗೆದೆ. ನಾನು ಏನು ಕೆಲಸ ಮಾಡುತ್ತೇನೆಂದು ತಿಳಿದಾಗ, “ನಮ್ಮಪ್ಪಂಗೂ ಕೇಳಲ್ಲ ಕಣ್ರಿ, ಟಿವಿ ಇಟ್ರೆ ಬೀದಿಗೆಲ್ಲಾ ಕೇಳ್ಬೇಕು” ಎಂದರು. ಊಟ ಮುಗಿಯುವಷ್ಟರಲ್ಲಿ ಮೇಜಿನವರೆಲ್ಲ ತಮ್ಮ ತಮ್ಮ ಮನೆಯ ಕಿವಿಗಳ ಕಥೆ ಹೇಳುತ್ತಿದ್ದರು. ಆ ಸಂಜೆ ರೂಮಿನಲ್ಲಿ ಟಿವಿ ಹಚ್ಚುವ ನೆನಪೇ ಆಗಲಿಲ್ಲ. ಬೆಳಿಗ್ಗೆ ನಿರ್ದೇಶಕರಿಗೆ ಕರೆ ಮಾಡಿ, ಫೋನಿನ ಫಾಲೋ-ಅಪ್ ಆಗುವುದಿಲ್ಲ, ನಾನು ಇಲ್ಲೇ ಸುತ್ತುತ್ತೇನೆ ಎಂದೆ. “ಯೋಚಿಸಿ” ಎಂದರು. “ಯೋಚಿಸಿಯೇ ಹೇಳ್ತಿದೀನಿ ಸರ್” ಎಂದೆ.

ಆ ದಿನ ಮಾರ್ಟಳ್ಳಿಗೆ ಹೋಗಬೇಕಿತ್ತು. ತಮಿಳುನಾಡಿನ ಗಡಿಗೆ ಹತ್ತಿರದ ದೊಡ್ಡ ಊರು; ಅಲ್ಲಿ ಹಲವು ಮನೆಗಳಲ್ಲಿ ತಮಿಳೇ ಮಾತು. ನನಗೆ ತಮಿಳು ಬಾರದು. ತನ್ನ ತಾಯಿ ಆ ಕಡೆಯವರು, ತನಗೂ ತಮಿಳು ಬರುತ್ತದೆ ಎಂದು ಪುಟ್ಟತಾಯಮ್ಮ ಶಿಬಿರದಲ್ಲಿ ಹೇಳಿದ್ದರು. ಕೌದಳ್ಳಿಯಲ್ಲಿ ಇಳಿದು ಮತ್ತೆ ಅವರ ಮನೆಗೆ ಹೋದೆ.

“ನನ್ನ ಜೊತೆ ಮಾರ್ಟಳ್ಳಿಗೆ ಬನ್ನಿ. ನನಗೆ ತಮಿಳು ಬರಲ್ಲ, ನೀವು ಮಾತಾಡಿ.”

ಮಾದೇಶ ನಕ್ಕುಬಿಟ್ಟ. “ಕಿವುಡಿನ ಕರ್ಕಂಡೋಗಿ ಏನ್ಮಾಡೀರಿ ಮೇಡಂ? ಅವ್ರು ಏಳಾದೊಂದು, ಇವ್ಳು ಏಳಾದೊಂದು.”

“ತಪ್ಪು ಹೇಳಿದರೆ ಇನ್ನೊಂದು ಸಲ ಕೇಳ್ತೀವಿ. ಅದರಲ್ಲೇನಿದೆ?”

“ಜನ ನಗಾಡ್ತಾರೆ.”

ಯಂತ್ರ ಕಿವಿಯಲ್ಲಿ ಇಲ್ಲದಿದ್ದರೂ ತಮ್ಮನ ಮುಖ ನೋಡಿಯೇ ಪುಟ್ಟತಾಯಮ್ಮನಿಗೆ ಎಲ್ಲ ಅರ್ಥವಾಗಿತ್ತು. ಒಳಗೆ ಹೋದರು. ಸೀರೆ ಬದಲಿಸಿ, ಕಿವಿಗೆ ಯಂತ್ರ ಹಾಕಿಕೊಂಡು, ಅದು ಎಲ್ಲರಿಗೂ ಕಾಣುವಂತೆ ಕೂದಲನ್ನು ಹಿಂದಕ್ಕೆ ಬಿಗಿದು ಕಟ್ಟಿ ಬಂದರು. “ನಗಾಡ್ಲಿ ಬುಡ್ಲಾ ಮಾದೇಶ, ನಗಾಡಾದ್ನಾದ್ರೂ ಕೇಳುಸ್ಕತೀನಿ” ಎಂದು ಚಪ್ಪಲಿ ಮೆಟ್ಟಿದರು.

ಬಸ್ಸಿನಲ್ಲಿ ಎಂಜಿನ್ನಿನ ಸದ್ದಿಗೆ ಯಂತ್ರ ಹೆಚ್ಚು ಸಹಾಯ ಮಾಡುವುದಿಲ್ಲ. ನಾನು ಹೇಳಿದ್ದರಲ್ಲಿ ಅರ್ಧ ಅವರಿಗೆ ತಲುಪಲಿಲ್ಲ. ಅವರು ಸುಮ್ಮನಾಗುವ ಬದಲು ನನ್ನ ತೊಡೆ ತಟ್ಟಿ, “ಇನ್ನೊಂದ್ ದಪ ಏಳಿ” ಎಂದು ಮತ್ತೆ ಹೇಳಿಸುತ್ತಿದ್ದರು. ಅವರಿಗೆ ಯಾವ ಸಂಕೋಚವೂ ಇರಲಿಲ್ಲ. ಇಡೀ ಬಸ್ಸು ತಿರುಗಿ ನೋಡುವಷ್ಟು ಗಟ್ಟಿಯಾಗಿ ನಾವಿಬ್ಬರೂ ಮಾತಾಡಿದೆವು.

ಮಾರ್ಟಳ್ಳಿಯಲ್ಲಿ ಮೊದಲು ಹೋದದ್ದು ಸೆಲ್ವಮಣಿ ಎಂಬ ಮುದುಕರ ಮನೆಗೆ. ಯಂತ್ರ ತೆಗೆದುಕೊಂಡವರು ಒಂದು ದಿನವೂ ಹಾಕಿರಲಿಲ್ಲ. ಪುಟ್ಟತಾಯಮ್ಮ ಅವರ ಎದುರು ಕೂತು ತಮಿಳಿನಲ್ಲಿ ಏನೋ ಕೇಳಿದರು. ಅವರು ಏನೋ ಹೇಳಿದರು. ಪುಟ್ಟತಾಯಮ್ಮ ನನ್ನ ಕಡೆ ತಿರುಗಿ, “ಆಡು ಕಳ್ದೋಯ್ತಂತೆ” ಎಂದರು. ಆಡಿಗೂ ಕಿವಿಗೂ ಏನು ಸಂಬಂಧ ಎಂದು ನಾನು ಕಕ್ಕಾಬಿಕ್ಕಿಯಾದೆ. ಮುದುಕರ ಸೊಸೆ ಬಾಯಿಗೆ ಸೆರಗು ಹಿಡಿದು ನಗತೊಡಗಿದಳು. ಮಾವ ಹೇಳಿದ್ದು ‘ಕಾದು’ ಹೋಗಿದೆ ಎಂದು, ಕಾದು ಎಂದರೆ ಕಿವಿ ಎಂದು ಅವಳೇ ತನಗೆ ಬಂದಷ್ಟು ಕನ್ನಡದಲ್ಲಿ ಬಿಡಿಸಿ ಹೇಳಿದಳು. ಪುಟ್ಟತಾಯಮ್ಮನಿಗೆ ಕೇಳಿದ್ದು ‘ಆಡು’. ತಪ್ಪು ತಿಳಿದ ಮೇಲೆ ಪುಟ್ಟತಾಯಮ್ಮ ನಾಚಿಕೊಳ್ಳುವರೆಂದು ನನಗೆ ಭಯವಾಯಿತು. ಅವರು ತಲೆ ಹಿಂದಕ್ಕೆ ಹಾಕಿ ನಕ್ಕರು, ತಮ್ಮ ಕಿವಿಯ ಯಂತ್ರ ತೋರಿಸಿ ಮುದುಕರಿಗೆ ಏನೋ ಹೇಳಿದರು. ಮುದುಕರೂ ನಕ್ಕರು. “ಏನು ಹೇಳಿದಿರಿ?” ಎಂದು ಕೇಳಿದೆ. “ನಿಂಗೂ ಕೇಳಲ್ಲ, ನಂಗೂ ಕೇಳಲ್ಲ, ಇಬ್ರೂ ಸೇರ್ಕಂಡು ಈ ಮೇಡಮ್ಮನ್ ತಲೆ ಕೆಡುಸ್ತಾ ಇದೀವಿ ಅಂದೆ.” ಆಮೇಲೆ ಸೆಲ್ವಮಣಿ ತಾವೇ ಕಿವಿ ಮುಂದೆ ಮಾಡಿದರು. ನಾನು ಯಂತ್ರ ಹಾಕಿದೆ. ಸೊಸೆಯನ್ನು ಎದುರಿಗೆ ಕೂರಿಸಿ ಪುಟ್ಟತಾಯಮ್ಮ ಗದರಿದರು, ಅದು ಭಾಷೆ ಬಾರದ ನನಗೂ ಅರ್ಥವಾಯಿತು: ಮಾತಾಡು, ಸುಮ್ಮನೆ ಕೂರಬೇಡ.

ಆ ಮುಂಗಾರಿನವರೆಗೆ ಮಾರ್ಟಳ್ಳಿ ಕಡೆ ಹೋದಾಗಲೆಲ್ಲ ಅವರು ನನ್ನ ಜೊತೆ ಬಂದರು. ಕಿವಿ ಕೇಳದವರನ್ನೇ ದುಭಾಷಿ ಮಾಡಿಕೊಂಡಿದ್ದೀರಂತೆ ಎಂದು ನಿರ್ದೇಶಕರು ಆಕ್ಷೇಪಿಸಿದರು. ಬಂದು ಒಂದು ದಿನ ನೋಡಿ ಎಂದೆ. ಬಂದರು. ಬಿಸಿಲಿನಲ್ಲಿ ನಮ್ಮ ಹಿಂದೆ ನಾಲ್ಕಾರು ಮನೆ ಸುತ್ತಿ, ಸಂಜೆ ಮೈಸೂರಿಗೆ ಹೊರಟರು. ಮೆಚ್ಚಿದರೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ನಾನು ನಿವೃತ್ತಳಾಗುವವರೆಗೂ ಆ ಮೂರು ತಾಲ್ಲೂಕಿಗೆ ಫೋನಿನ ಫಾಲೋ-ಅಪ್ ಮಾತು ಮತ್ತೆ ಬರಲಿಲ್ಲ.

ಮಾದೇಶ ಬದಲಾಗಲಿಲ್ಲ. ಅವನ ಹೆಂಡತಿ ಸ್ವಲ್ಪ ಬದಲಾದಳು, ಅಡುಗೆಮನೆಯಿಂದ ಅತ್ತಿಗೆಯನ್ನು ಕೂಗಿ ಕರೆಯುವಷ್ಟು. ಪುಟ್ಟತಾಯಮ್ಮ ಅಷ್ಟಕ್ಕೇ ಕಾಯಲಿಲ್ಲ. ಹೊಲಿಗೆಯ ಮಿಷಿನ್ನನ್ನು ಒಳಕೋಣೆಯಿಂದ ರಸ್ತೆಯ ಕಡೆಯ ಜಗಲಿಗೆ ತಾವೇ ಎಳೆದು ತಂದರು. ಬಟ್ಟೆ ಮತ್ತೆ ಬರತೊಡಗಿತು; ಎಸೆದು ಹೋಗುವವರನ್ನು “ಕುಂತ್ಕಂಡು ಎಂಗೆ ಬೇಕು ಅಂತ ಬಾಯ್ಬುಟ್ಟು ಏಳೋಗು” ಎಂದು ತಡೆದು ನಿಲ್ಲಿಸುತ್ತಿದ್ದರು. ನಾನು ಹೋದಾಗ ಆ ಜಗಲಿಯಲ್ಲಿ ಯಾರಾದರೂ ಒಬ್ಬರು ಕೂತೇ ಇರುತ್ತಿದ್ದರು.

ನನ್ನ ಒಂಟಿತನ ಮುಗಿದುಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಪುಟ್ಟತಾಯಮ್ಮ ಇಲ್ಲದ ದಿನಗಳೇ ಹೆಚ್ಚು. ಆಗ ಅದು ಬರುತ್ತಿತ್ತು. ಬಂದಾಗ ನಾನು ಬಾಗಿಲು ಹಾಕಿಕೊಳ್ಳುವುದನ್ನು ಬಿಟ್ಟೆ. ಬಸ್ಸಿನಲ್ಲಿ, ಚಹಾದಂಗಡಿಯಲ್ಲಿ, ಆಸ್ಪತ್ರೆಯ ಬೆಂಚಿನಲ್ಲಿ, ಯಾರಾದರೂ ಮಾತಾಡಿಸಲಿ ಎಂದು ಕಾಯದೆ ನಾನೇ ಮಾತಾಡಿಸಿದೆ. ಕೆಲವರು ಮುಖ ತಿರುಗಿಸಿದರು. ಅದು ಅವರಿಗೆ ಬಿಟ್ಟದ್ದು.

ವೃತ್ತಿ ನನಗೆ ಕಲಿಸಿದ್ದು ಇದು: ಕೇಳಿಸುವಂತೆ ಮಾಡಿದರೆ ಅರ್ಧ ಕೆಲಸ ಆಯಿತು; ಮಾತಾಡಿಸುವವರನ್ನು ಒದಗಿಸುವುದು ಉಳಿದರ್ಧ, ಮತ್ತು ಅದಕ್ಕೆ ಯಾವ ಯಂತ್ರವೂ ಇಲ್ಲ. ಅಲ್ಲಿಂದ ಮುಂದಿನ ಶಿಬಿರಗಳಲ್ಲಿ ಯಂತ್ರ ಹಾಕುವ ಮೊದಲು ಮನೆಯ ಒಬ್ಬರನ್ನು ಎದುರಿಗೆ ಕೂರಿಸಿ ಮಾತಾಡಿಸಲು ಹೇಳುತ್ತಿದ್ದೆ. ಜೊತೆಗೆ ಯಾರೂ ಇಲ್ಲದೆ ಬಂದವರು, “ನಾನೊಬ್ಳೇ ಕಣವ್ವ ಬಂದಿರಾದು” ಎಂದು ತಪ್ಪು ಮಾಡಿದವರಂತೆ ತಲೆ ತಗ್ಗಿಸುತ್ತಿದ್ದರು. ಆಗ ನಾನು ನನ್ನ ಕುರ್ಚಿಯನ್ನು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರಕ್ಕೆ ಎಳೆದುಕೊಂಡು, ಅವರ ಗದ್ದ ಮೇಲೆತ್ತಿ ಕೇಳುತ್ತಿದ್ದೆ:

“ನಾನೂ ಒಬ್ಳೇ. ಹೇಳಿ, ಇವತ್ತು ಮನೇಲಿ ಏನು ಸಾರು?”