ನಾಲ್ಕೂ ಕಾಲು ಸಮ

ಬೆಳಗಿನ ಆರೂವರೆ. ಅಮಗಾಸಾಕಿಯ ನಮ್ಮ ಅಂಗಡಿ ಬೀದಿಯಲ್ಲಿ ತೋಫು ಅಂಗಡಿಯೊಂದನ್ನು ಬಿಟ್ಟರೆ ಯಾರ ಷಟರೂ ಎದ್ದಿಲ್ಲ. ಪಕ್ಕದ ಮಿನೋಬೆ ಪ್ರಾಣಿ ಚಿಕಿತ್ಸಾಲಯದ ಒಳಗಿನ ಇಕ್ಕಟ್ಟಾದ ಓಣಿಯಲ್ಲಿ ಅರವತ್ತೇಳರ ಟೊಯೊಕೊ ನಿಶಿಯುರಾ ಮಂಡಿಯೂರಿ ಕೂತಿದ್ದಾರೆ. ಆ ತುದಿಯಲ್ಲಿ, ಮಾಲೀಕರು ಕೆಲಸಕ್ಕೆ ಹೋಗುವ ಮುಂಚೆ ಬಿಟ್ಟುಹೋದ ಪೂಡಲ್ ಮರಿ.

"ಬಾರೋ ರಾಜಕುಮಾರ. ಮೆರವಣಿಗೆ ಬೇಡ, ಸುಮ್ನೆ ನಡಿ."

ಮರಿ ನಡೆಯುತ್ತದೆ. ಟೊಯೊಕೊ ಕಾರ್ಡಿನ ಮೇಲೆ ತಾರೀಖು ಹಾಕಿ ಬರೆಯುತ್ತಾರೆ: ನಾಲ್ಕೂ ಕಾಲು ಸಮ, ಉಸಿರು ಸಲೀಸು.

ಇವರು ವೈದ್ಯರೂ ಅಲ್ಲ, ದಾದಿಯೂ ಅಲ್ಲ. ನಲವತ್ತೊಂದು ವರ್ಷದಿಂದ ಮುಂಬಾಗಿಲ ಮೇಜಿನಲ್ಲಿ ಕೂತು ಹೆಸರು ಬರೆಯುವವರು. ದಿನಕ್ಕೆ ಮೂವತ್ತು ನಾಯಿ, ಎಂಟು ಬೆಕ್ಕು, ಹನ್ನೆರಡು ವಿಮಾ ಅರ್ಜಿ. ಓಣಿಯ ನಡಿಗೆ ಯಾರೂ ಹೇಳಿದ ಕೆಲಸವಲ್ಲ.

ಟೊಯೊಕೊ ಸೇರಿದ ಕಾಲಕ್ಕೆ ಈ ಬೀದಿಯ ನಾಯಿಗಳಿಗೆ ಎರಡೇ ಹೆಸರು: ಕಪ್ಪಗಿದ್ದರೆ ಕುರೊ, ಬೆಳ್ಳಗಿದ್ದರೆ ಶಿರೊ. ಅಂಗಡಿ ಬಾಗಿಲಲ್ಲಿ ಸರಪಳಿ, ಮಿಸೊ ಸಾರು ಸುರಿದ ತಂಗಳನ್ನ, ಹಬ್ಬಕ್ಕೊಂದು ಮೀನಿನ ತಲೆ. ಈಗಿನವಕ್ಕೆ ಫೋಟೊ ಸಮೇತ ವಿಮಾ ಕಾರ್ಡಿದೆ. ಮೈ ಚಿಕ್ಕದಾದಷ್ಟೂ ಹುಟ್ಟಿನ ದೋಷ ಜಾಸ್ತಿ: ಜಾರುವ ಮಂಡಿಚಿಪ್ಪು, ಸೋರುವ ಹೃದಯ. ವಿಮೆ ಶುರುವಾಗುವ ಮೊದಲು ಆ ದೋಷ ಯಾರ ಕಣ್ಣಿಗೂ ಬೀಳದಿದ್ದರೆ ಕಂಪನಿ ಹಣ ಕೊಡುತ್ತದೆ, ಬಿದ್ದಿದ್ದರೆ ಇಲ್ಲ.

"ಆಗೆಲ್ಲ ನಾಯಿ ಕುಂಟಿದ್ರೆ 'ಅಯ್ಯೋ ಪಾಪ' ಅಂತಿದ್ರು," ಎನ್ನುತ್ತಾರೆ ಟೊಯೊಕೊ. "ಈಗ 'ಯಾವತ್ತಿಂದ?' ಅಂತಾರೆ."

ಆ ಪ್ರಶ್ನೆಗೆ ಒಮ್ಮೆ ಅವರಲ್ಲೇ ಉತ್ತರವಿರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಅವರ ಮಾಲ್ಟೀಸ್ ಚಿಯೊಳ ಹೃದಯದಲ್ಲಿ ಹುಟ್ಟಿನಿಂದಲೇ ಇದ್ದ ರಂಧ್ರ ಪತ್ತೆಯಾಯಿತು. ಅದಕ್ಕೂ ಮುಂಚೆ ಅವಳು ಗೆಲುವಾಗಿದ್ದಳೆಂದು ಯಾರೂ ಎಲ್ಲೂ ಬರೆದಿರಲಿಲ್ಲ. ಅರ್ಜಿ ತಿರುಗಿ ಬಂತು, ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಯಿತು. ಚಿಯೊ ಕಾಯಲಿಲ್ಲ. ಓಣಿಯ ನಡಿಗೆ ಶುರುವಾದದ್ದು ಅದಾದ ಮೇಲೆ.

ಮೂರು ತಿಂಗಳ ಹಿಂದೆ ತೋಫು ಅಂಗಡಿಯ ಕುವಾಬಾತಾ ತಿರುಗಿ ಬಂದ ಅರ್ಜಿಯೊಂದನ್ನು ಹಿಡಿದು ಬಂದರು. ಅವರ ಪೊಮೆರೇನಿಯನ್ ಗೊಮಾಗೆ ಮಂಡಿಚಿಪ್ಪಿನ ಶಸ್ತ್ರಚಿಕಿತ್ಸೆ ಆಗದಿದ್ದರೆ ಕಾಲು ಹೋದಂತೆಯೇ. ಟೊಯೊಕೊ ಓದಿದರು: "ಚಿಕ್ಕಂದಿನಿಂದಲೂ ಅದರ ಕಾಲನ್ನು ಕಡೆಗಣಿಸಿದೆವು. ಎಲ್ಲ ನಮ್ಮದೇ ತಪ್ಪು. ದಯವಿಟ್ಟು ಕ್ಷಮಿಸಿ."

"ಕುವಾಬಾತಾ-ಸಾನ್, ಇದು ಅರ್ಜಿನೋ, ತಪ್ಪೊಪ್ಪಿಗೆನೋ?"

"ದುಡ್ಡು ಕೇಳೋವಾಗ ಕ್ಷಮೆ ಕೇಳ್ದೆ ಹೇಗ್ರೀ ಕೇಳೋದು?"

"ಚಿಕ್ಕಂದಿನಲ್ಲಿ ಕುಂಟ್ತಿತ್ತಾ?"

"ಎಲ್ಲಿ ಕುಂಟ್ತು! ಅಂಗಡಿ ತುಂಬ ಓಡಿ ಎರಡು ಬಕೆಟ್ ಸೋಯಾ ಹಾಲು ಉರುಳಿಸಿತ್ತು. ಸುಮ್ನೆ ಮರ್ಯಾದೆಗೆ ಬರೆದೆ."

"ನಿಮ್ಮ ಮರ್ಯಾದೆ ಮಂಡಿ ರಿಪೇರಿ ಮಾಡಲ್ಲ."

ಟೊಯೊಕೊ ಕಾರ್ಡುಗಳನ್ನು ಕೂಡಿಡುವ ಡಬ್ಬಿಯಲ್ಲಿ ಗೊಮಾನದೂ ಇತ್ತು. ಮೊದಲ ಲಸಿಕೆಯ ದಿನ: ನಾಲ್ಕೂ ಕಾಲು ಸಮ. ವಿಮೆ ಶುರುವಾದ ವಾರ: ಸಮ. ಎಂಟನೇ ತಿಂಗಳಲ್ಲಿ: ಬಲ ಹಿಂಗಾಲು ಎತ್ತಿಕೊಂಡು ನಡೆಯಿತು. ಟೊಯೊಕೊ ಕಂಪನಿಗೆ ಫೋನ್ ಮಾಡಿದರು. ಆ ಕಡೆಯ ಹುಡುಗಿ ಅರ್ಧ ನಿಮಿಷ ಕ್ಷಮೆ ಕೇಳಿ ಆಗುವುದಿಲ್ಲ ಎಂದಳು. ಟೊಯೊಕೊ ಒಂದು ನಿಮಿಷ ಕ್ಷಮೆ ಕೇಳಿ ಕಾರ್ಡಿನ ಪ್ರತಿ ಕಳಿಸುತ್ತೇನೆ ಎಂದರು. ಮೂರು ವಾರಕ್ಕೆ ಒಪ್ಪಿಗೆ ಬಂತು.

ಈಗ ಪೂಡಲ್ ಮರಿಯ ಹಿಂದೆಯೇ ಗೊಮಾ ಬಂದಿದ್ದಾನೆ. ಹೊಲಿಗೆ ಬಿಚ್ಚಿ ತಿಂಗಳಾಗಿದೆ. ಬೋಳಿಸಿದ ಕಾಲಲ್ಲಿ ಎಳೆಗೂದಲು. ಕುವಾಬಾತಾ ಬಿಸಿ ತೋಫುವಿನ ಪೊಟ್ಟಣ ಮೇಜಿನ ಮೇಲಿಟ್ಟು ಸೊಂಟ ಬಗ್ಗಿಸುತ್ತಾರೆ.

"ತುಂಬ ತೊಂದ್ರೆ ಕೊಟ್ಟೆ, ನಂದೇ ತಪ್ಪು, ಕ್ಷಮಿಸಿ."

"ಬಾಯಲ್ಲಿ ಎಷ್ಟಾದ್ರೂ ಹೇಳಿ. ಬರೆದು ಮಾತ್ರ ಕೊಡಬೇಡಿ."

ಗೊಮಾ ಓಣಿಯಲ್ಲಿ ನಡೆಯುತ್ತಾನೆ, ನಡುವೆ ನಿಂತು ತೋಫುವಿನ ಕಡೆ ಮೂಗೆತ್ತುತ್ತಾನೆ, ಮತ್ತೆ ನಡೆಯುತ್ತಾನೆ. ಟೊಯೊಕೊ ಬರೆಯುತ್ತಾರೆ: ಸಮ.

ಡಬ್ಬಿಯ ತಳದಲ್ಲಿ ಚಿಯೊಳ ಹೆಸರಿನದೂ ಒಂದು ಕಾರ್ಡಿದೆ. ಹೆಸರೊಂದೇ, ಕೆಳಗೆ ಖಾಲಿ.

"ಈ ಓಣೀಲಿ ಒಂಚೂರೂ ಏದುಸಿರಿಲ್ದೆ ಓಡ್ತಿದ್ಲು," ಎಂದು ಟೊಯೊಕೊ ಮುಚ್ಚಳ ಹಾಕುತ್ತಾರೆ. "ನಂಗೆ ಗೊತ್ತು. ಆದ್ರೆ ನಂಗೊಬ್ಳಿಗೇ ಗೊತ್ತು."