ಜಾಲರಿ ತೆಗೆಸಿದವಳು ನಾನು

ಗಂಗಣ್ಣ ಪ್ರೆಸ್ ಮೆಷಿನ್ನಿನ ಜಾಲರಿಯನ್ನು ತಾವಾಗಿ ತೆಗೆದವರಲ್ಲ. ತೆಗೆಸಿದವಳು ನಾನು. ಒಂದು ಫೋಟೋಗೋಸ್ಕರ. ಆಮೇಲೆ ಎಲ್ಲರೆದುರು ಸುಳ್ಳು ಹೇಳಿದೆ — ಇಷ್ಟನ್ನು ಬರೆಯಲು ನನಗೆ ನಾಲ್ಕು ವರ್ಷ ಬೇಕಾಯಿತು. ಥೂ, ನನ್ನ ಜನ್ಮಕ್ಕೆ.

ಆಗ ಹಿರೇಹಳ್ಳಿಯ ಒಂದು ವರ್ಕ್‌ಶಾಪಿನ ಆಫೀಸಿನಲ್ಲಿದ್ದೆ. ಗುಬ್ಬಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಹಾಜರಿ ಪುಸ್ತಕ, ಫೋನು ನೋಡಿಕೊಳ್ಳುವುದರ ಜೊತೆಗೆ ಕಂಪನಿಯ ಸೋಶಿಯಲ್ ಮೀಡಿಯಾ ಪೇಜನ್ನೂ ಮಾಲೀಕರು ನನಗೇ ವಹಿಸಿದರು. ಮೊಬೈಲಿನಲ್ಲಿ ಚೆನ್ನಾಗಿ ಫೋಟೋ ತೆಗೆಯುವುದು ಹೇಗೆಂದು ವಿಡಿಯೋ ನೋಡಿ ನೋಡಿ ಕಲಿತೆ. ಲೆನ್ಸ್ ಒರೆಸಿಕೋ. ಬೆಳಕು ಪಕ್ಕದಿಂದ ಬೀಳಲಿ. ಫ್ರೇಮಿನಲ್ಲಿ ಅಡ್ಡ ಬರುವುದನ್ನೆಲ್ಲ ತೆಗೆದುಹಾಕು.

ಗಂಗಣ್ಣ ಕುಣಿಗಲ್ ಕಡೆಯವರು, ಐವತ್ತು ದಾಟಿತ್ತು. ತಗಡು ಕತ್ತರಿಸುವ ದೊಡ್ಡ ಪ್ರೆಸ್ಸಿನ ಮುಂದೆ ಅವರ ಕೆಲಸ. ಕೈ ಒಳಗೆ ಹೋಗಬಾರದೆಂದು ಮೆಷಿನ್ನಿಗೆ ಕಬ್ಬಿಣದ ಜಾಲರಿ ಕೂರಿಸಿದ್ದರು. ಅವತ್ತು ಬೆಳಿಗ್ಗೆ ಚಾವಣಿಯ ಬಿಳಿ ಶೀಟಿನಿಂದ ಬಿಸಿಲು ಇಳಿದು, ಬೆವರಿಗೆ ಅರ್ಧ ಕರಗಿದ ಅವರ ವಿಭೂತಿಯ ಮೇಲೆ ಬಿದ್ದಿತ್ತು. ಅಂಥ ಬೆಳಕು ಮತ್ತೆ ಸಿಗುವುದಿಲ್ಲ ಅನ್ನಿಸಿತು. ಆದರೆ ಆ ಜಾಲರಿ —

"ಅಣ್ಣ, ಅದನ್ನ ಒಂದೇ ನಿಮಿಷ ತೆಗೀರಿ. ಮುಖಾನೇ ಕಾಣ್ತಿಲ್ಲ."

"ಬ್ಯಾಡ ಕಣಮ್ಮ, ಅದ್ನ ತೆಗ್ಯಂಗಿಲ್ಲ."

"ಒಂದೇ ಫೋಟೋ ಅಣ್ಣ. ಮೊಮ್ಮಗಳಿಗೆ ತೋರಿಸ್ಬೋದು."

ಮೊಮ್ಮಗಳೆಂದರೆ ಅವರಿಗೆ ಪ್ರಾಣ. ನನಗದು ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

"ತಡಿ, ಮೊದ್ಲು ಮೆಷಿನ್ ಆಫ್ ಮಾಡ್ತೀನಿ" ಅಂದರು. ಮಾಡಿದರು. ಎರಡೆರಡು ಸಲ ನೋಡಿದರು. ಆಮೇಲಷ್ಟೇ ಜಾಲರಿ ತೆಗೆದರು. "ಕೈ ಸ್ವಲ್ಪ ಒಳಗಿಡಿ, ಕೆಲಸ ಮಾಡೋ ಥರ ಕಾಣ್ಲಿ" ಅಂದವಳೂ ನಾನೇ.

ನಿಂತ ಮೆಷಿನ್ನು ಫೋಟೋದಲ್ಲಿ ನಿಂತ ಹಾಗೆ ಕಾಣುವುದಿಲ್ಲ.

ಪೇಜಿನಲ್ಲಿ ಹಾಕಿದೆ. ಜನ ಹೊಗಳಿದರು. ಮಾಲೀಕರೂ ಬೆನ್ನು ತಟ್ಟಿದರು. ಮೂರನೇ ದಿನ ನಮಗೆ ಆರ್ಡರ್ ಕೊಡುವ ಕಂಪನಿಯಿಂದ ಫೋನು — ನಿಮ್ಮಲ್ಲಿ ಜಾಲರಿ ಇಲ್ಲದೆ ಪ್ರೆಸ್ ಓಡಿಸ್ತೀರಾ? ಹೀಗಾದರೆ ಆರ್ಡರ್ ನಿಲ್ಲಿಸುತ್ತೇವೆ. ಮಾಲೀಕರಿಗೆ ತಪ್ಪು ಹೊರಿಸಲು ಒಂದು ತಲೆ ಬೇಕಿತ್ತು. ಗಂಗಣ್ಣನನ್ನೂ ನನ್ನನ್ನೂ ಶೆಡ್ಡಿನ ನಡುವೆ ನಿಲ್ಲಿಸಿದರು. ಸುತ್ತ ಎಲ್ಲ ಕೆಲಸಗಾರರು.

"ಯಾಕಯ್ಯ ತೆಗ್ದೆ ಜಾಲರೀನ?"

"ಮೆಷಿನ್ ಆಫ್ ಆಗಿತ್ತು ಸಾರ್. ಫೋಟೋಗೆ ತೆಗ್ದಿದ್ದು." ನನ್ನ ಕಡೆ ತಿರುಗಿದರು. "ಹೇಳಮ್ಮ, ನೀನೇ ಹೇಳು."

ಮಾಲೀಕರೂ ತಿರುಗಿದರು. "ನೀನು ಹೋದಾಗ ಜಾಲರಿ ಇತ್ತೇನಮ್ಮ?"

"ಇರ್ಲಿಲ್ಲ ಸಾರ್."

ಅಷ್ಟೇ. ಯೋಚಿಸಲೂ ಇಲ್ಲ. ಬಾಯಿ ತಾನೇ ತೆರೆಯಿತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ — ಸುಳ್ಳು. ಬಾಯಿ ತಾನಾಗಿ ತೆರೆಯುವುದಿಲ್ಲ. ನನ್ನ ಕೆಲಸ ಹೋಗಬಾರದಿತ್ತು, ಗಂಗಣ್ಣನದು ಹೋದರೆ ಹೋಗಲಿ ಅನ್ನಿಸಿತ್ತು. ಆರ್ಡರ್ ಅರ್ಜೆಂಟಿದ್ದಾಗ ಇದೇ ಮಾಲೀಕರು "ತೆಗೀರಯ್ಯ ಆ ಜಾಲರೀನ, ಬೇಗ ಆಗ್ಲಿ" ಎಂದು ಕೂಗಿದ್ದನ್ನು ಕಿವಿಯಾರೆ ಕೇಳಿದ್ದೆ. ಅದನ್ನಾದರೂ ಹೇಳಬಹುದಿತ್ತು. ಅವರ ಮೇಲೆ ಈಗಲೂ ರಕ್ತ ಕುದಿಯುತ್ತದೆ. ಆದರೆ ಅವರು ಕೇಳಿದ್ದು ಒಂದು ಪ್ರಶ್ನೆ. ಸುಳ್ಳು ನನ್ನದು.

ಅವತ್ತೇ ಗಂಗಣ್ಣನನ್ನು ಕೆಲಸದಿಂದ ತೆಗೆದರು. ಸಂಜೆ ಗೇಟಿನಲ್ಲಿ ಟಿಫನ್ ಡಬ್ಬಿ ಹಿಡಿದು ನಿಂತಿದ್ದರು. ಬಯ್ಯುತ್ತಾರೆ ಅಂದುಕೊಂಡೆ.

"ಫೋಟೋ ಚೆನ್ನಾಗ್ ಬಂದದಾ?" ಅಂದರು. ಹೋದರು.

ಅದಾದ ಮೇಲೆ ನಾನೂ ಆ ಕೆಲಸ ಬಿಟ್ಟೆ — ಪಶ್ಚಾತ್ತಾಪದಿಂದಲ್ಲ, ಆ ಫೋಟೋದಿಂದ ಹೆಸರು ಬಂದಿತ್ತು, ಅದಕ್ಕೆ. ಈಗ ತುಮಕೂರಿನಲ್ಲಿ ಭಾನುವಾರಗಳಂದು ಮೊಬೈಲ್ ಫೋಟೋಗ್ರಫಿ ಹೇಳಿಕೊಡುತ್ತೇನೆ. ನಾಚಿಕೆಗೇಡು ನೋಡಿ — ಪಕ್ಕದ ಬೆಳಕಿನ ಪಾಠಕ್ಕೆ ಅದೇ ಫೋಟೋ ತೋರಿಸುತ್ತಿದ್ದೆ! ಹೋದ ತಿಂಗಳು ಒಬ್ಬ ಹುಡುಗಿ ಕೇಳಿದಳು, "ಇವ್ರು ಯಾರು ಮೇಡಂ? ಈಗೇನ್ ಮಾಡ್ತಿದಾರೆ?"

"ಯಾರೋ ಒಬ್ರು ಕಾರ್ಮಿಕರು" ಅಂದೆ.

ಯಾರೋ ಒಬ್ಬರಂತೆ! ಅವರ ಅನ್ನಕ್ಕೆ ಕಲ್ಲು ಹಾಕಿ, ಅವರ ಮುಖ ತೋರಿಸಿ ಫೀಸು ವಸೂಲಿ ಮಾಡಿ, ಕೊನೆಗೆ ಹೆಸರನ್ನೂ ನುಂಗಿದೆ. ಪಾಠ ಮುಂದುವರಿಸಲು ಆಗಲಿಲ್ಲ. ಎಲ್ಲರನ್ನೂ ಕಳಿಸಿಬಿಟ್ಟೆ.

ಮರುದಿನವೇ ಕುಣಿಗಲ್ ಬಸ್ಸು ಹತ್ತಿದೆ. ಊರು ಹುಡುಕಲು ಮಧ್ಯಾಹ್ನವಾಯಿತು. ಗಂಗಣ್ಣ ಕಲ್ಯಾಣಮಂಟಪವೊಂದರ ಕಾವಲಿಗಿದ್ದರು, ಅಂಗಳ ಗುಡಿಸುತ್ತಿದ್ದರು. ಸುರಕ್ಷತೆಯ ನಿಯಮ ಮುರಿದವನೆಂಬ ಮಾತು ಹಿಂದೆಯೇ ಬಂದು, ಬೇರೆ ಯಾವ ಫ್ಯಾಕ್ಟರಿಯೂ ಅವರನ್ನು ಸೇರಿಸಿಕೊಳ್ಳಲಿಲ್ಲವಂತೆ. ನಿಂತಲ್ಲೇ ಎಲ್ಲ ಹೇಳಿದೆ. ತಪ್ಪಾಯ್ತು ಅಂದೆ, ಅತ್ತುಬಿಟ್ಟೆ. ಅವರು ಪೊರಕೆ ಕೆಳಗಿಡಲಿಲ್ಲ.

"ನಂಗೇನ್ ಹೇಳ್ತೀಯ? ನಂಗೊತ್ತಿಲ್ವಾ? ಗೊತ್ತಿಲ್ದೋರ್ಗೆ ಹೋಗಿ ಹೇಳು."

ಕ್ಷಮಿಸಿದೆ ಅನ್ನಲಿಲ್ಲ. ಯಾಕೆ ಅನ್ನಬೇಕು?

ಅದಕ್ಕೇ ಗೊತ್ತಿಲ್ಲದ ನಿಮಗೆ ಹೇಳುತ್ತಿದ್ದೇನೆ. ಆದರೆ ನಿಮಗೆ ಹೇಳುವುದು ಸುಲಭ. ನೀವು ಆ ಶೆಡ್ಡಿನಲ್ಲಿ ಇರಲಿಲ್ಲ. ಇದ್ದವರು ಇನ್ನೂ ಅಲ್ಲೇ ದುಡಿಯುತ್ತಿದ್ದಾರೆ. ಸೋಮವಾರ ಊಟದ ಹೊತ್ತಿಗೆ ಹಿರೇಹಳ್ಳಿಗೆ ಹೋಗುತ್ತೇನೆ — ಮಾಲೀಕರ ಕೋಣೆಗಲ್ಲ, ಅವರೆಲ್ಲ ಬುತ್ತಿ ಬಿಚ್ಚಿ ಕೂರುವ ಜಾಗಕ್ಕೆ. ಉಗಿಯುತ್ತಾರೆ. ಉಗಿಯಲಿ. ನಿಂತು ಕೇಳಿಸಿಕೊಳ್ಳುತ್ತೇನೆ.