ಮೂಗಿಗೆ ಹೋದ ಅಲಸಂದೆ ಕಾಳು

ದೀಪಾಂಜಲಿ ನಗರದ ಒಂದು ಮನೆಯ ನೆಲಮಹಡಿಯಲ್ಲಿ ನಡೆಯುವ ಶಿಶುವಿಹಾರದಲ್ಲಿ ನಾನು ಟೀಚರ್. ನಮ್ಮಲ್ಲಿ ಸ್ಲೇಟು, ಕಾಪಿ ಪುಸ್ತಕ ಇಲ್ಲ. ಮಕ್ಕಳು ನೀರು ಸುರಿಯುತ್ತಾರೆ, ಹಿಟ್ಟು ನಾದುತ್ತಾರೆ, ಕಾಳು ಬೇರ್ಪಡಿಸುತ್ತಾರೆ. ಹಾಗೆ ಕಲಿಯುವುದೂ ಕಲಿಕೆಯೇ ಎಂದು ಮನೆಯವರನ್ನು ಒಪ್ಪಿಸುವುದು ಪ್ರತಿ ವರ್ಷದ ದೊಡ್ಡ ಕೆಲಸ. ಅದಕ್ಕೇ ಶಾಲೆ ಶುರುವಾಗುವ ಮುನ್ನ ಒಂದು ಶನಿವಾರ ಎಲ್ಲರನ್ನೂ ಕರೆದು, ಮಕ್ಕಳ ಜೊತೆ ಅವರನ್ನೂ ಚಾಪೆಯ ಮೇಲೆ ಕೂರಿಸುತ್ತೇವೆ.

ಕಳೆದ ವರ್ಷ ಬಂದವರಲ್ಲಿ ಮೂರು ವರ್ಷದ ಒಬ್ಬಳು ಹುಡುಗಿಯಿದ್ದಳು. ಜೊತೆಗೆ ಅಮ್ಮ, ಅಜ್ಜಿ. ಅಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದಿದ್ದರು. ಅಜ್ಜಿ, ಪಕ್ಕದ ನಾಯಂಡಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದವರು. ಚಪ್ಪಲಿ ಬಿಡುತ್ತಲೇ ಕೇಳಿದರು: "ಬರೀ ಆಟಾನಾ ಮಿಸ್? ಆಟ ನಮ್ಮನೇಲೇ ಆಡ್ಕೊತಾಳೆ. ಅಆಇಈ ಯಾವಾಗ ಹೇಳ್ಕೊಡ್ತೀರಾ?"

"ಕೂತ್ಕೊಂಡು ನೋಡಿ ಅಜ್ಜಿ, ಆಮೇಲೆ ಬೈಯಿರಿ," ಎಂದು ನಕ್ಕೆ.

ಕಾಳು ಬೇರ್ಪಡಿಸುವಾಗಲೂ ಚಿಕ್ಕ ಮಕ್ಕಳ ಮುಂದೆ ಸಣ್ಣ ಕಾಳು ಇಡಬಾರದು, ದೊಡ್ಡ ಬೀಜಗಳಷ್ಟೇ ಎಂಬುದು ನಮ್ಮ ನಿಯಮ. ಆದರೆ ಅಂದು ತಟ್ಟೆ ನೋಡಲು ಚೆಂದವಿರಲಿ, ಮನೆಯವರು ಮೆಚ್ಚಲಿ ಎಂದು ನಾನೇ ಅಲಸಂದೆ, ಹೆಸರುಕಾಳು ಸುರಿದಿದ್ದೆ.

ಹತ್ತು ನಿಮಿಷವೂ ಆಗಿರಲಿಲ್ಲ. ಆ ಹುಡುಗಿ ಮೂಗು ಉಜ್ಜಿಕೊಂಡು, "ಅಮ್ಮಾ, ಕಾಳು ಒಳಗೋಯ್ತು," ಎಂದಳು.

ಅಮ್ಮ ಕಿರುಚಿದರು. ಅಷ್ಟೂ ಜನ ಎದ್ದು ಬಂದು ಮಗುವನ್ನು ಸುತ್ತುವರಿದರು. ಒಬ್ಬ ತಂದೆ ಹೆಂಡತಿಯ ತಲೆಯಿಂದ ಹೇರ್‌ಪಿನ್ ಕಿತ್ತು, "ಸ್ವಲ್ಪ ಹಿಡ್ಕೊಳ್ಳಿ, ತೆಗೀತೀನಿ," ಎಂದು ಮುಂದೆ ಬಂದರು. ಅಜ್ಜಿ ಸೊಂಟದ ಚೀಲದಿಂದ ನಶ್ಯದ ಡಬ್ಬಿ ತೆಗೆದು, "ಸೀನಿದ್ರೆ ಬರ್ತದೆ," ಎಂದರು. ಮಗು ಈಗ ಹೆದರಿ ಅಳತೊಡಗಿತ್ತು. ಬಿಕ್ಕಿದಾಗಲೆಲ್ಲ ಕಾಳು ಇನ್ನೂ ಮೇಲಕ್ಕೆ ಹೋಗುತ್ತಿದೆಯೇನೋ ಎನಿಸಿತು.

"ಪಿನ್ ಬೇಡ! ಯಾರೂ ಮುಟ್ಬೇಡಿ!" ನನ್ನ ದನಿ ನನಗೇ ಹೊಸದಾಗಿತ್ತು.

ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಕಲಿಸಿದ್ದು ನೆನಪಾಯಿತು. ಯಾವತ್ತೂ ಮಾಡಿರಲಿಲ್ಲ. ಅಮ್ಮನನ್ನು ಎದುರು ಕೂರಿಸಿ ಹೇಳಿದೆ: "ಮುತ್ತು ಕೊಡೋ ಥರ ಅವಳ ಬಾಯಿಗೆ ಬಾಯಿಟ್ಟು ಒಂದೇ ಸಲ ಊದಿ. ಖಾಲಿ ಇರೋ ಹೊಳ್ಳೆ ನಾನು ಮುಚ್ಚಿರ್ತೀನಿ, ಗಾಳಿ ಕಾಳನ್ನ ಹೊರಗೆ ತಳ್ಳತ್ತೆ."

"ನನ್ ಕೈಲಾಗಲ್ಲ ಮಿಸ್..."

"ನೀವೇ ಮಾಡ್ಬೇಕು. ಅವಳು ನಿಮ್ಮನ್ನೊಬ್ಬರನ್ನೇ ಹತ್ರ ಬಿಟ್ಕೊಳ್ಳೋದು."

ಮೊದಲ ಸಲ ಊದಿದಾಗ ಏನೂ ಆಗಲಿಲ್ಲ. ಅಜ್ಜಿ ನನ್ನ ಭುಜ ಹಿಡಿದಿದ್ದರು, ಉಗುರು ನಾಟುತ್ತಿತ್ತು. ಎರಡನೆಯ ಸಲವೂ ಇಲ್ಲ. ಆಟೋಗೆ ಫೋನ್ ಮಾಡಲು ನಮ್ಮ ಆಯಾಗೆ ಸನ್ನೆ ಮಾಡಿದೆ. ಮೂರನೆಯ ಸಲ ಅಮ್ಮ ಕಣ್ಣು ಮುಚ್ಚಿ ಊದಿದರು. ಸಿಂಬಳದ ಜೊತೆ ಅಲಸಂದೆ ಕಾಳು ನನ್ನ ಅಂಗೈಗೆ ಬಂದು ಬಿತ್ತು.

ಆದರೂ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಡಾಕ್ಟರು ಟಾರ್ಚ್ ಹಿಡಿದು ನೋಡಿ, ಬೇರೇನೂ ಇಲ್ಲ ಎಂದರು. ವಾಪಸ್ ಬಂದು ಕಾದಿದ್ದವರೆಲ್ಲರ ಮುಂದೆ ಹೇಳಿದೆ: "ಮಗೂದು ತಪ್ಪಿಲ್ಲ, ಈ ಪದ್ಧತೀದೂ ತಪ್ಪಿಲ್ಲ. ಸಣ್ಣ ಕಾಳು ಇಟ್ಟಿದ್ದು ನಾನು." ಎರಡು ಕುಟುಂಬಗಳು ಎದ್ದು ಹೋದವು, ಮತ್ತೆ ಬರಲಿಲ್ಲ.

ಶಾಲೆ ಶುರುವಾದ ಮೊದಲೆರಡು ದಿನ ಆ ಹುಡುಗಿಯೂ ಬರಲಿಲ್ಲ. ಮೂರನೆಯ ದಿನ ಅಜ್ಜಿಯ ಕೈ ಹಿಡಿದು ಬಂದಳು.

"ನಾನೂ ಇಲ್ಲೇ ಕೂತಿರ್ತೀನಿ," ಎಂದರು ಅಜ್ಜಿ. ಅದು ಕೇಳಿದ್ದಲ್ಲ, ಹೇಳಿದ್ದು.

ಎರಡು ವಾರ ಗೋಡೆಗೊರಗಿ ಕೂತು, ನಾನು ಇಡುವ ಪ್ರತಿ ತಟ್ಟೆಯನ್ನೂ ಮೊದಲು ತಾವೇ ನೋಡಿದರು. ನನಗೆ ಮುಜುಗರವಾಗುತ್ತಿತ್ತು, ಆದರೂ ತಟ್ಟೆಯನ್ನು ಅವರ ಮುಂದೆ ಹಿಡಿಯುತ್ತಿದ್ದೆ. ಮೂರನೆಯ ವಾರದ ಸೋಮವಾರ ಮೊಮ್ಮಗಳನ್ನು ಗೇಟಿನಲ್ಲೇ ಬಿಟ್ಟು, "ಹನ್ನೆರಡಕ್ಕೆ ಬರ್ತೀನಿ," ಎಂದು ಹೊರಟುಬಿಟ್ಟರು.